ತೊಡೆಗೆ ಕಟ್ಟೋ ಬ್ಯಾಗು: ಭಾರ ಯಾರು ಹೊರಬೇಕು?

ಮೂರನೇ ಸೆಮಿಸ್ಟರ್‌ನಲ್ಲಿ ಕೊಡಚಾದ್ರಿ ಟ್ರೆಕ್‌ಗೆ ಒಂದು ವಾರ ಇರುವಾಗ ನಾನೊಂದು ತೊಡೆ ಬ್ಯಾಗ್ ಆರ್ಡರ್ ಮಾಡಿದೆ. ಸೊಂಟದ ಬೆಲ್ಟಿನಿಂದ ಇಳಿಬಿಟ್ಟು ತೊಡೆಯ ಹೊರಮಗ್ಗುಲಿಗೆ ಪಟ್ಟಿ ಸುತ್ತಿ ಕಟ್ಟಿಕೊಳ್ತಾರಲ್ಲ, ಸಿನಿಮಾದ ಕಮಾಂಡೋಗಳ ಹಾಗೆ, ಅದು. ನಿಜ ಹೇಳ್ಬೇಕಂದ್ರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತಲೇ ತಗೊಂಡಿದ್ದು. ಹತ್ತುವಾಗ ತೊಂದರೆ ಆಗಲಿಲ್ಲ. ಹಿಡ್ಲುಮನೆ ಜಲಪಾತದ ಕಡೆಯ ಕಡಿದಾದ ದಾರಿಯಲ್ಲಿ ಇಳಿಯುವಾಗ ಬ್ಯಾಗು ಜಾರಿ ತೊಡೆಯ ಮುಂದಕ್ಕೆ ತಿರುಗಿತು. ಬಲಗೈಯಲ್ಲಿ ಅದನ್ನು ಪಕ್ಕಕ್ಕೆ ತಳ್ಳಲು ಹೋದೆ. ಅದೇ ಹೊತ್ತಿಗೆ ಒದ್ದೆ ಮಣ್ಣಲ್ಲಿ ಕಾಲು ಜಾರಿತು. ಊರೋದಕ್ಕೆ ಖಾಲಿ ಇದ್ದದ್ದು ಎಡಗೈ ಒಂದೇ. ಮಣಿಕಟ್ಟಿನ ಮೂಳೆಯಲ್ಲಿ ಬಿರುಕು, ಆರು ವಾರ ಪ್ಲಾಸ್ಟರ್. ಆ ಸಲದ ಲ್ಯಾಬ್ ಇಂಟರ್ನಲ್ಸ್‌ನಲ್ಲಿ ಬ್ರೆಡ್‌ಬೋರ್ಡಿಗೆ ಒಂದೇ ಕೈಯಲ್ಲಿ ವೈರ್ ಚುಚ್ಚಿದೆ.

ಪ್ಲಾಸ್ಟರ್ ಹಾಕ್ಕೊಂಡು ಹಾಸ್ಟೆಲ್‌ನಲ್ಲಿ ಬಿದ್ದಿದ್ದಾಗ ಆ ಬ್ಯಾಗಿನ ಫ್ರೀ ಬಾಡಿ ಡಯಾಗ್ರಾಂ ಬರೆದು ನೋಡಿದೆ. ಕೊಳ್ಳೋ ಮುಂಚೆ ಬರೆಯಬೇಕಿತ್ತು.

ತೊಡೆ ಸಿಲಿಂಡರ್ ಅಲ್ಲ, ಕೆಳಗೆ ಸಣ್ಣದಾಗುತ್ತಾ ಹೋಗೋ ಶಂಕು. ಅದರ ಸುತ್ತ ಕಟ್ಟಿದ ಪಟ್ಟಿ ಒಂಚೂರು ಕೆಳಗೆ ಸರಿದರೂ ಸಡಿಲವಾಗುತ್ತೆ, ಸಡಿಲವಾದದ್ದು ಇನ್ನೂ ಕೆಳಗೆ ಸರಿಯುತ್ತೆ. ಅರ್ಧ ಕಿಲೋ ಸಾಮಾನು ಅಂದ್ರೆ ಸುಮಾರು 5 ನ್ಯೂಟನ್. ಅದನ್ನು ಬರೀ ಘರ್ಷಣೆಯಿಂದ ಹಿಡಿದಿಡಬೇಕು ಅಂದ್ರೆ ಪಟ್ಟಿಯನ್ನು ಬಿಗಿದು ಕಟ್ಟಬೇಕು. ಆದರೆ ಪ್ರತಿ ಹೆಜ್ಜೆಗೂ ಸ್ನಾಯು ಉಬ್ಬಿ ಇಳಿಯುತ್ತೆ. ಬಿಗಿದರೆ ಕಾಲು ಜೋಮು ಹಿಡಿಯುತ್ತೆ, ಬಿಟ್ಟರೆ ಜಾರುತ್ತೆ. ನಾನು ದಾರಿಯುದ್ದಕ್ಕೂ ಮಾಡಿದ್ದು ಇದನ್ನೇ, ಬಿಗಿಯೋದು, ಬಿಡೋದು.

ಹಾಗಾಗಿ ಭಾರವನ್ನು ಬೆಲ್ಟೇ ಹೊರಬೇಕು. ತೊಡೆಯ ಪಟ್ಟಿಗಿರೋದು ಒಂದೇ ಕೆಲಸ, ಬ್ಯಾಗು ಅಲ್ಲಾಡದ ಹಾಗೆ ನೋಡಿಕೊಳ್ಳೋದು. ಬ್ಯಾಗು ಕೈಗೆ ಸಿಕ್ಕಿದ ತಕ್ಷಣ ತೊಡೆಯ ಪಟ್ಟಿ ಪೂರ್ತಿ ಬಿಚ್ಚಿ, ಬೆಲ್ಟಿನಿಂದ ಮಾತ್ರ ನೇತುಹಾಕಿ ನಿಂತು ನೋಡಿ. ಸರಿಯಾದ ಎತ್ತರದಲ್ಲಿ, ಮುಖ ತಿರುಗದೆ ನಿಂತರೆ ಮುಂದಿನದು ನೋಡಬಹುದು. ಬೆಲ್ಟಿನಿಂದ ಇಳಿಯೋ ಪಟ್ಟಿ ಒಂದೇ ಇದ್ದರೆ ಬ್ಯಾಗು ಅದರ ಸುತ್ತ ಗಿರಗಿರ ತಿರುಗುತ್ತೆ (ನನ್ನದರದ್ದು ಇದೇ ಕಥೆ). ಒಂದಕ್ಕೊಂದು ನಾಲ್ಕು ಬೆರಳು ದೂರದಲ್ಲಿ ಎರಡು ಪಟ್ಟಿ ಇದ್ದರೆ ತಿರುಗೋಕೆ ಹೋದಾಗ ಅವೇ ತಡೀತವೆ. ತೊಡೆಯ ಪಟ್ಟಿಯಲ್ಲಿ ಒಂದು ತುಂಡಾದರೂ ಎಲಾಸ್ಟಿಕ್ ಇರಲಿ. ಒಳಗೆ ಎರಡು ಬೆರಳು ಆಡುವಷ್ಟು ಬಿಗಿ ಸಾಕು.

ಎಷ್ಟು ಕೆಳಗೆ ಇಳಿಬಿಡಬೇಕು? ಇಲ್ಲಿ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಕೆಲಸಕ್ಕೆ ಬರುತ್ತೆ. ಕಾಲು ಬೀಸೋದು ಸೊಂಟದ ಕೀಲಿನ ಸುತ್ತ. ಅಲ್ಲಿಂದ 20 ಸೆಂ.ಮೀ. ಕೆಳಗೆ 0.5 ಕೆಜಿ ಇದ್ದರೆ ಜಡತ್ವ ಭ್ರಮಣಾಂಕ, ಅಂದ್ರೆ ನಮ್ಮ ಮೊಮೆಂಟ್ ಆಫ್ ಇನರ್ಷಿಯಾ, 0.02 ಕೆಜಿ·ಮೀ². ಅದೇ ಬ್ಯಾಗನ್ನು 35 ಸೆಂ.ಮೀ.ಗೆ ಇಳಿಸಿದರೆ 0.061, ಮೂರು ಪಟ್ಟು. ಹೆಜ್ಜೆಗೆ 70 ಸೆಂ.ಮೀ. ಹಿಡಿದರೆ ಒಂದು ಕಿ.ಮೀ.ಗೆ ಆ ಕಾಲು 700 ಸಲ ಬೀಸಬೇಕು. ಸೋಲ್ ಮತ್ತು ಗೋಲ್ಡ್‌ಮನ್ ಅನ್ನೋ ಇಬ್ಬರು 1969ರಲ್ಲಿ ಅಳೆದು ತೋರಿಸಿದ ಪ್ರಕಾರ, ಪಾದಕ್ಕೆ ಕಟ್ಟಿದ ಒಂದು ಕಿಲೋ ಹೊರೋದಕ್ಕೆ ದೇಹದ್ದೇ ತೂಕದ ಒಂದು ಕಿಲೋಗಿಂತ ನಾಲ್ಕರಿಂದ ಆರು ಪಟ್ಟು ಶಕ್ತಿ ಬೇಕು. ತೊಡೆ ಅಷ್ಟು ಕೆಳಗಿಲ್ಲ, ಆದರೆ ದಿಕ್ಕು ಅದೇ. ಬ್ಯಾಗಿನ ತಳ ಮಂಡಿಯಿಂದ ಒಂದು ಗೇಣು ಮೇಲಿರಲಿ. ಸ್ಟೈಲಿಗೆ ಅಂತ ಮಂಡಿ ಹತ್ತಿರ ನೇತುಹಾಕ್ಕೊಂಡೋರನ್ನ ಮೂರು ಕಿ.ಮೀ. ಆದ್ಮೇಲೆ ನೋಡಿ.

ಇದರಿಂದಲೇ ಒಳಗೆ ಏನಿಡಬೇಕು ಅನ್ನೋದೂ ಗೊತ್ತಾಗುತ್ತೆ. ಬೆನ್ನಿನ ಬ್ಯಾಗ್ ಇಳಿಸದೆ ಕೈಗೆ ಸಿಗಬೇಕಾದದ್ದು ಮಾತ್ರ: ಟಾರ್ಚ್, ಸೀಟಿ, ಬ್ಯಾಂಡೇಜು, ಇಂಬಳಕ್ಕೆ ಉಪ್ಪಿನ ಪೊಟ್ಟಣ, ಆಸ್ತಮಾ ಇರೋರಿಗೆ ಇನ್‌ಹೇಲರ್. ನೀರಿನ ಬಾಟಲಿ ಬೇಡವೇ ಬೇಡ, ಲೀಟರಿಗೆ ಒಂದು ಕಿಲೋ ಆಯ್ತಲ್ಲ. ಪವರ್ ಬ್ಯಾಂಕ್ ಕೂಡ ಬೆನ್ನಿಗೇ ಹೋಗಲಿ. ಒಟ್ಟು ಅರ್ಧ ಕಿಲೋ ದಾಟಬಾರದು ಅಂತ ನನ್ನ ಲೆಕ್ಕ. 20×15×6 ಸೆಂ.ಮೀ. ಅಳತೆಯ ಬ್ಯಾಗು ಅಂದ್ರೆ 1.8 ಲೀಟರ್, ಇಷ್ಟಕ್ಕೆ ಧಾರಾಳ. ದಪ್ಪ ಇದಕ್ಕಿಂತ ಜಾಸ್ತಿ ಇದ್ದರೆ ಲಂಟಾನ ಪೊದೆಯಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ.

ಬಟ್ಟೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 500ಡಿ, 1000ಡಿ ಅಂತ ಬರೆದಿರುತ್ತೆ. ಡಿ ಅಂದ್ರೆ ಡೆನಿಯರ್, 9000 ಮೀಟರ್ ನೂಲಿನ ತೂಕ ಗ್ರಾಂಗಳಲ್ಲಿ. 500ಡಿ ನೈಲಾನ್ ನಮಗೆ ಸಾಕು. ವಾಟರ್‌ಪ್ರೂಫ್ ಅನ್ನೋದು ಬಟ್ಟೆಗೆ ಮಾತ್ರ ಅನ್ವಯ. ಹೊಲಿಗೆಯ ಸೂಜಿತೂತು, ಜಿಪ್ಪು ಎರಡರಿಂದಲೂ ಮಲೆನಾಡಿನ ಮಳೆ ಒಳಗೆ ಬಂದೇ ಬರುತ್ತೆ, ಫೋನಿಗೆ ಒಳಗೊಂದು ಜಿಪ್‌ಲಾಕ್ ಕವರ್ ಹಾಕಿ. ಮುಚ್ಚಳಕ್ಕೆ ಬರೀ ವೆಲ್ಕ್ರೋ ಇರೋದು ಬೇಡ, ಕೆಸರು ಮೆತ್ತಿಕೊಂಡರೆ ಅಂಟಲ್ಲ. ಹೊಲಿಗೆಯನ್ನು ಮಾತ್ರ ಕಣ್ಣಿಟ್ಟು ನೋಡಿ. ಪಟ್ಟಿ ಬ್ಯಾಗಿಗೆ ಸೇರೋ ಜಾಗದಲ್ಲಿ ಚೌಕದೊಳಗೆ ಅಡ್ಡಗೆರೆ ಎಳೆದ ಹಾಗೆ ಹೊಲಿದಿರಬೇಕು. ಒಂದೇ ಸಾಲು ಹೊಲಿಗೆ ಇದ್ದರೆ ಕಿತ್ತು ಬರೋದು ಅಲ್ಲಿಂದಲೇ.

ಬೆನ್ನಿನ ಬ್ಯಾಗಿಗೂ ಸೊಂಟಪಟ್ಟಿ ಇದ್ದರೆ ಎರಡರ ಬಕಲ್ ಒಂದರ ಮೇಲೊಂದು ಕೂರದ ಹಾಗೆ ನೋಡಿಕೊಳ್ಳಿ. ಸೊಂಟದ ಮುಂಭಾಗ ಬಹಳ ಹೊತ್ತು ಒತ್ತಿದರೆ ತೊಡೆಯ ಹೊರಮಗ್ಗುಲಿನ ಚರ್ಮದ ನರ ಸಿಕ್ಕಿಕೊಂಡು ಉರಿ, ಜೋಮು ಬರುತ್ತೆ. ಹಾಗಾದಾಗ ನಡೆದು ಸರಿ ಮಾಡ್ತೀನಿ ಅನ್ನದೆ ಅಲ್ಲೇ ಬಿಚ್ಚಿಡಿ. ಕೋಲು ಹಿಡಿಯೋ ಕೈ ಬಲಗೈಯಾದರೆ ಬ್ಯಾಗು ಎಡಕ್ಕಿರಲಿ.

ರಿಟರ್ನ್ ಮಾಡೋ ದಿನ ಮುಗಿಯೋ ಮುಂಚೆ ಒಂದು ಟೆಸ್ಟ್: ಅರ್ಧ ಕಿಲೋ ಸಕ್ಕರೆ ಪ್ಯಾಕೆಟ್ ತುಂಬಿ ಹಾಸ್ಟೆಲ್ ಮೆಟ್ಟಿಲು ಹತ್ತಿ ಇಳಿಯಿರಿ, ಐದು ಸಲ. ಇಳಿಯೋದೇ ಮುಖ್ಯ. ಬ್ಯಾಗಿನ ಮೇಲೆ ಒಂದು ಸಲವೂ ಕೈ ಹೋಗಬಾರದು. ಹೋದರೆ ಅದು ವಾಪಸ್.

ನನ್ನದನ್ನು ವಾಪಸ್ ಕೊಡೋ ಗಡುವು ಪ್ಲಾಸ್ಟರ್ ಬಿಚ್ಚೋ ಮುಂಚೆಯೇ ಮುಗಿದಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಬ್ಯಾಗ್ ರಿಪೇರಿಯವರ ಹತ್ರ ತಗೊಂಡು ಹೋಗಿ, ಬೆಲ್ಟಿನಿಂದ ಇಳಿಯೋ ಎರಡನೇ ಪಟ್ಟಿ ಹೊಲಿಸಿಕೊಂಡೆ. "ಇದನ್ನ ಮಾಡಿದೋನು ಒಂದು ದಿನ ಕಟ್ಕೊಂಡು ನಡೆದಿದ್ದಾನೇನಪ್ಪಾ?" ಅಂದ್ರು ಅವರು. ಈಗ ಅದು ಮೆಟ್ಟಿಲ ಟೆಸ್ಟ್ ಪಾಸಾಗಿದೆ.