ಪೈಥಾನ್‌ನಿಂದ ಜಾವಾಕ್ಕೆ: ಭಾನುವಾರ ಕೈಕೊಡುವ ಕೋಡ್

ಪೈಥಾನ್‌ನಲ್ಲಿರುವ ಪ್ರೋಗ್ರಾಂ ಒಂದನ್ನು ಜಾವಾಕ್ಕೆ ಬದಲಿಸಿ ಎಂದರೆ ಹೆಚ್ಚಿನ ವಿದ್ಯಾರ್ಥಿಗಳು ಸಾಲುಸಾಲಾಗಿ ಪದ ಬದಲಿಸುತ್ತಾ, ಪ್ರತಿ ಸಾಲಿನ ಕೊನೆಗೆ ಸೆಮಿಕೋಲನ್ ಹಾಕುತ್ತಾ ಹೋಗುತ್ತಾರೆ. ಕಂಪೈಲ್ ಆಯಿತೋ, ಕೆಲಸ ಮುಗಿಯಿತು! ಈಗಂತೂ ಚಾಟ್‌ಬಾಟ್ ಕೊಟ್ಟದ್ದನ್ನು ಓದದೆ ಅಂಟಿಸುವವರೂ ಇದ್ದಾರೆ. ಕಂಪೈಲ್ ಆದ ಮಾತ್ರಕ್ಕೆ ಉತ್ತರ ಸರಿ ಬರಬೇಕೆಂದೇನೂ ಇಲ್ಲ.

ಮೊದಲು ಹಳೆಯ ಪ್ರೋಗ್ರಾಂ ಓಡಿಸಿ. ಯಾವ ಇನ್‌ಪುಟ್‌ಗೆ ಯಾವ ಉತ್ತರ ಬಂತೆಂದು ಒಂದು ಫೈಲಿನಲ್ಲಿ ಬರೆದಿಡಿ. ಸೊನ್ನೆ, ಋಣ ಸಂಖ್ಯೆ, ಖಾಲಿ ಪಟ್ಟಿ, ಭಾರಿ ದೊಡ್ಡ ಸಂಖ್ಯೆ ಅದರಲ್ಲಿ ಇರಲೇಬೇಕು. ಆಮೇಲೆ ಒಂದೊಂದೇ ಫಂಕ್ಷನ್ ಬದಲಿಸಿ, ಆ ಉತ್ತರಗಳ ಜೊತೆ ತಾಳೆ ನೋಡಿ. ಇದೇ ಹೊತ್ತಿನಲ್ಲಿ ಕೋಡನ್ನು ಚೆಂದ ಮಾಡಲು ಹೋಗಬೇಡಿ. ಉತ್ತರ ತಪ್ಪಿದರೆ ಎಡವಟ್ಟು ಭಾಷೆಯದೋ ನಿಮ್ಮ ಜಾಣತನದ್ದೋ ತಿಳಿಯುವುದೇ ಇಲ್ಲ.

ಇನ್ನು ಶೇಷದ ಲೆಕ್ಕ. ಹೆಚ್ಚು ಜನ ಜಾರಿ ಬೀಳುವುದು ಇಲ್ಲೇ. ಭಾನುವಾರ 0, ಸೋಮವಾರ 1, ಹೀಗೆ ಶನಿವಾರ 6 ಎಂದಿಟ್ಟುಕೊಳ್ಳಿ. ನಿನ್ನೆ ಯಾವ ವಾರವೆಂದು ತಿಳಿಯಲು ಇಂದಿನ ಸಂಖ್ಯೆಯಲ್ಲಿ 1 ಕಳೆದು, ಬಂದದ್ದನ್ನು 7ರಿಂದ ಭಾಗಿಸಿ ಶೇಷ ತೆಗೆಯುತ್ತೀರಿ. ಇಂದು ಭಾನುವಾರವಾದರೆ ಲೆಕ್ಕ -1 % 7. ಪೈಥಾನ್ 6 ಎನ್ನುತ್ತದೆ, ಶನಿವಾರ, ಸರಿ. ಜಾವಾ -1 ಎನ್ನುತ್ತದೆ! ವಾರದ ಹೆಸರುಗಳನ್ನಿಟ್ಟ ಜಾವಾ ಅರೇಯಲ್ಲಿ -1ನೇ ಸ್ಥಾನವೇ ಇಲ್ಲದ್ದರಿಂದ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಪೈಥಾನ್‌ನಲ್ಲಿ ಶೇಷಕ್ಕೆ ಭಾಜಕದ ಚಿಹ್ನೆ, ಜಾವಾದಲ್ಲಿ ಭಾಜ್ಯದ ಚಿಹ್ನೆ; ವ್ಯತ್ಯಾಸ ಇಷ್ಟೇ. ಆದರೆ ಉಳಿದ ಆರೂ ದಿನ ಎರಡೂ ಒಂದೇ ಉತ್ತರ ಕೊಡುವುದರಿಂದ ಸೋಮವಾರ ಪರೀಕ್ಷಿಸಿದವರಿಗೆ ಸುಳಿವೂ ಸಿಗುವುದಿಲ್ಲ. ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುವ ಲೆಕ್ಕದಲ್ಲೂ ಇದೇ ಕಥೆ.

% ಚಿಹ್ನೆಯ ಬದಲು ಮ್ಯಾಥ್ ಕ್ಲಾಸಿನ ಫ್ಲೋರ್‌ಮಾಡ್ ಬಳಸಿ. 2014ರ ಜಾವಾ 8ರಿಂದ ಅದು ಇದೆ. 7 ಕೂಡಿಸಿ ಮತ್ತೊಮ್ಮೆ ಶೇಷ ತೆಗೆಯುವ ಹಳೆಯ ಉಪಾಯವೂ ನಡೆಯುತ್ತದೆ, ಓದುವವರಿಗೆ ಮಾತ್ರ ತಲೆನೋವು.

ಭಾಗಾಕಾರದಲ್ಲೂ ಹುಷಾರು. 7 / 2 ಎಂದರೆ ಪೈಥಾನ್ 3ರಲ್ಲಿ 3.5, ಜಾವಾದಲ್ಲಿ 3. ಸರಾಸರಿ ಅಂಕ ತೆಗೆಯುವ ಕೋಡ್‌ನಲ್ಲಿ ಅರ್ಧ ಅಂಕ ಸದ್ದಿಲ್ಲದೆ ಮಾಯವಾಗುತ್ತದೆ. 2 ಇದ್ದಲ್ಲಿ 2.0 ಬರೆಯಿರಿ.

ಉಳಿದವು ಚುಟುಕಾಗಿ: ಜಾವಾದ ಇಂಟ್ 2147483647ಕ್ಕೆ ನಿಲ್ಲುತ್ತದೆ. 50000ವನ್ನು 50000ದಿಂದ ಗುಣಿಸಿದರೆ ಎರರ್ ಬಾರದೆ ಋಣ ಸಂಖ್ಯೆ ಬರುತ್ತದೆ, ಲಾಂಗ್ ಬಳಸಿ. ಎರಡು ಸ್ಟ್ರಿಂಗ್ ಹೋಲಿಸಲು == ಬೇಡ, ಈಕ್ವಲ್ಸ್ ಇರಲಿ. 2.5 ಅನ್ನು ರೌಂಡ್ ಮಾಡಿದರೆ ಪೈಥಾನ್ 3ರಲ್ಲಿ 2, ಜಾವಾದಲ್ಲಿ 3. ಹಣದ ಲೆಕ್ಕವಿದ್ದರೆ ಇದನ್ನೇ ಮೊದಲು ನೋಡಿ.