ಹೃದಯ ಶಸ್ತ್ರಚಿಕಿತ್ಸೆಯ ನಂತರ ಮನೆಯವರ ಹೊಣೆ

ಚರಕಾಚಾರ್ಯರು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದ್ದಾರೆ. ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ರೋಗಿಯು ಮನೆಗೆ ಮರಳಿದ ದಿನದಿಂದ ಪರಿಚಾರಕನ ಹೊಣೆ ಮನೆಯವರದಾಗುತ್ತದೆ. ಸೇವಾಕ್ರಮದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಇವು ಪರಿಚಾರಕನ ನಾಲ್ಕು ಗುಣಗಳು. ಅನುರಾಗವು ನಮ್ಮ ಮನೆಗಳಲ್ಲಿ ಧಾರಾಳವಾಗಿದೆ, ಕೊರತೆಯಿರುವುದು ತಿಳಿವಳಿಕೆಯದು.

ಬೈಪಾಸ್ ಅಥವಾ ಕವಾಟದ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಸೀಳಿ, ಬಳಿಕ ತಂತಿಯಿಂದ ಬಿಗಿಯುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 12 ವಾರಗಳು ಬೇಕು. ಅಲ್ಲಿಯವರೆಗೆ ತುಂಬಿದ ಕೊಡವನ್ನಾಗಲಿ, ಮೊಮ್ಮಕ್ಕಳನ್ನಾಗಲಿ ಎತ್ತಬಾರದು, ವಾಹನ ನಡೆಸಬಾರದು. ಶ್ರೀಮಠಕ್ಕೆ ಬಂದಾಗಲೂ ದೀರ್ಘದಂಡ ನಮಸ್ಕಾರ ಬೇಡ, ನಿಂತೇ ಕೈಮುಗಿಯಲಿ. ಪೂಜೆಗೆ ಕುರ್ಚಿಯ ಮೇಲೆ ಕೂರಲಿ. ನೆಲಕ್ಕೆ ಕೈಯೂರಿ ಏಳುವಾಗ ಆ ಮೂಳೆಯ ಮೇಲೆ ಒತ್ತಡ ಬೀಳುತ್ತದೆ. ಕೆಮ್ಮು ಬಂದರೆ ತಡೆಯದೆ, ದಿಂಬನ್ನು ಎದೆಗೆ ಅಪ್ಪಿ ಹಿಡಿದು ಕೆಮ್ಮಬೇಕು. ಕಫವು ಒಳಗೆ ಉಳಿದರೆ ಶ್ವಾಸಕೋಶಕ್ಕೆ ಸೋಂಕು ತಗಲುವ ಭಯವಿದೆ.

ದಿನವೆಲ್ಲ ಮಲಗಿಸುವುದು ಆರೈಕೆಯಲ್ಲ. ಮೊದಲು 5 ನಿಮಿಷ, ಕ್ರಮೇಣ 30 ನಿಮಿಷ ಸಮತಟ್ಟಾದ ನೆಲದಲ್ಲಿ ನಡೆಸಬೇಕು. ಮೃದುವಾದ ಅನ್ನ, ಹೆಸರುಬೇಳೆಯ ತೊವ್ವೆ, ಬೇಯಿಸಿದ ತರಕಾರಿ ಹಿತಕರ. ಉಪ್ಪಿನಕಾಯಿ, ಹಪ್ಪಳ ವರ್ಜ್ಯ. ಮಲಬದ್ಧತೆಯಾಗದಂತೆ ನೋಡಿಕೊಳ್ಳಬೇಕು, ಮುಕ್ಕುವುದು ಹೃದಯಕ್ಕೆ ಶ್ರಮ. ಪ್ರತಿದಿನ ಬೆಳಿಗ್ಗೆ ತೂಕ ನೋಡಿ ಬರೆದಿಡಬೇಕು. ಒಂದು ವಾರದಲ್ಲಿ 2 ಕಿಲೋ ಏರಿದರೆ ದೇಹದಲ್ಲಿ ನೀರು ನಿಲ್ಲುತ್ತಿರಬಹುದು, ವೈದ್ಯರಿಗೆ ತಿಳಿಸಬೇಕು.

ಕೆಲವು ವರ್ಷಗಳ ಹಿಂದೆ ಯಾಂತ್ರಿಕ ಕವಾಟ ಅಳವಡಿಸಿಕೊಂಡಿದ್ದ ರೋಗಿಯೊಬ್ಬರು ನನ್ನಲ್ಲಿಗೆ ಬಂದು, "ಆ ಮಾತ್ರೆ ಬಿಟ್ಟಿದ್ದೇನೆ, ಇನ್ನು ನಿಮ್ಮ ಕಷಾಯವೇ ಸಾಕು" ಎಂದರು. ಅವರು ಬಿಟ್ಟಿದ್ದು ರಕ್ತ ಹೆಪ್ಪುಗಟ್ಟದಂತೆ ಕಾಯುವ ವಾರ್ಫರಿನ್. ನಾನು ಕಷಾಯ ಬರೆಯದೆ ಅಂದೇ ಅವರನ್ನು ಶಸ್ತ್ರಚಿಕಿತ್ಸಕರ ಬಳಿಗೆ ಕಳುಹಿಸಿದೆ. ಆ ಮಾತ್ರೆ ತಪ್ಪಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಉಂಟಾಗಬಹುದು. ನಾಲ್ಕು ದಶಕಗಳಿಂದ ಆಯುರ್ವೇದವನ್ನೇ ನಂಬಿ ಬದುಕಿರುವ ನಾನೇ ಹೇಳುತ್ತೇನೆ: ಶಸ್ತ್ರಚಿಕಿತ್ಸಕರಿಗೆ ತಿಳಿಸದೆ ಅರ್ಜುನ ತೊಗಟೆಯನ್ನಾಗಲಿ, ಬೆಳ್ಳುಳ್ಳಿಯ ಔಷಧವನ್ನಾಗಲಿ ಆರಂಭಿಸಬೇಡಿ. ವಾರ್ಫರಿನ್ ಸೇವಿಸುವವರು ಸೊಪ್ಪನ್ನು ಬಿಡಬೇಕಾಗಿಲ್ಲ. ಪ್ರತಿವಾರ ಒಂದೇ ಪ್ರಮಾಣದಲ್ಲಿ ಉಣ್ಣಬೇಕು.

ಗಾಯದಲ್ಲಿ ಕೀವು, ಜ್ವರ, ಎದೆಮೂಳೆಯಲ್ಲಿ ಕಟಕಟ ಸದ್ದು, ಏರುವ ಉಬ್ಬಸ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಮೊದಲ ವಾರಗಳಲ್ಲಿ ನಿದ್ರೆ ಬಾರದಿರುವುದು, ಕಾರಣವಿಲ್ಲದೆ ಕಣ್ಣೀರು ಬರುವುದು ಅನೇಕರಲ್ಲಿ ಉಂಟು. ಆಗ ಗದರಿಸದೆ, ಉಪದೇಶಿಸದೆ, ಹತ್ತಿರ ಕುಳಿತು ಕೇಳಿಸಿಕೊಳ್ಳಿ. ಅದು ತಿಂಗಳಾದರೂ ಕಳೆಯದಿದ್ದರೆ ವೈದ್ಯರಿಗೆ ಹೇಳಿ. ಹೀಗೆ ಕುಳಿತು ಕೇಳಿಸಿಕೊಳ್ಳುವುದೂ ಪರಿಚಾರಕನ ಧರ್ಮವೇ.