ಕಣ್ಣಿನಿಂದ ಕೇಳುವವರು

ಪಾಠಭಾಗ: ಮಾರ್ಕ ೭: ೩೧–೩೭. ಇದರೊಡನೆ ಲೂಕ ೧: ೫೭–೬೪ನ್ನೂ ರೋಮಾಪುರದವರಿಗೆ ೧೦: ೧೪–೧೮ನ್ನೂ ಓದತಕ್ಕದ್ದು.



ಈ ತಿಂಗಳಿನ ಪಾಠವನ್ನು ಆರಂಭಿಸುವದಕ್ಕೆ ಮುಂಚೆ ನಮ್ಮ ಒಂದು ತಪ್ಪನ್ನು ನಿಮ್ಮ ಮುಂದೆ ಇಡುವದು ನ್ಯಾಯವಾಗಿದೆ. ನಾವು ಉಪದೇಶಿಯಾಗಿ ಸೇವೆಮಾಡುವ ಸಭೆಗಳಲ್ಲೊಂದರಲ್ಲಿ ಹುಟ್ಟಿನಿಂದ ಕಿವಿ ಕೇಳದ ಒಬ್ಬ ಹುಡುಗಿ ಇದ್ದಳು. ಕೆಲವು ವರುಷಗಳ ಹಿಂದೆ ದೃಢೀಕರಣದ ಪಾಠಗಳು ಆರಂಭವಾದಾಗ ತಾಯಿಯು ಅವಳನ್ನೂ ಕರಕೊಂಡು ಬಂದಳು. ಉಳಿದ ಮಕ್ಕಳು ಹತ್ತು ಆಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಬಾಯಿಪಾಠವಾಗಿ ಒಪ್ಪಿಸುತ್ತಿರಲು, ಇವಳು ಕಡೆಯ ಸಾಲಿನಲ್ಲಿ ಕೂತು ನಮ್ಮ ತುಟಿಗಳನ್ನೂ ಅವರ ತುಟಿಗಳನ್ನೂ ಸರದಿಯಾಗಿ ನೋಡುತ್ತಿದ್ದಳು. ಮೂರನೆಯ ವಾರದಲ್ಲಿ ನಾವು ತಾಯಿಯನ್ನು ಕರೆದು, ‘ಅಮ್ಮಾ, ಇವಳಿಂದ ಪಾಠ ಒಪ್ಪಿಸಲಾಗದು. ದೇವರು ಇವಳ ಹೃದಯವನ್ನು ಬಲ್ಲನು. ಕರ್ತನ ಪಂಕ್ತಿಗೆ ಸೇರಿಸುವ ಮಾತನ್ನು ಸದ್ಯಕ್ಕೆ ಬಿಡೋಣ’ ಎಂದೆವು.

ಆ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಯ್ಯನವರೇ, ನಮ್ಮ ಹಿರಿಯರನ್ನು ಊರವರು ಪಂಕ್ತಿಯಿಂದ ಎಬ್ಬಿಸುತ್ತಿದ್ದರಂತೆ. ಇಲ್ಲಿ ಎಬ್ಬಿಸುವದಿಲ್ಲವೆಂದು ನಂಬಿ ನಮ್ಮ ಅಜ್ಜ ಈ ಸಭೆಗೆ ಬಂದನು. ನನ್ನ ಮಗಳಿಗೆ ಮಾತಿಲ್ಲವೆಂದು ಕರ್ತನೂ ಎಬ್ಬಿಸುತ್ತಾನೋ?’ ಎಂದು ಕೇಳಿದಳು.

ಸೆಮಿನರಿಯಲ್ಲಿ ಕಲಿತದ್ದು ಯಾವದೂ ಆ ಪ್ರಶ್ನೆಗೆ ಒದಗಲಿಲ್ಲ. ಆ ರಾತ್ರಿ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯವನ್ನು ತೆರೆದು ಕೂತೆವು. ನಾವು ಎಷ್ಟೋ ಸಾರಿ ಪ್ರಸಂಗಮಾಡಿದ ಭಾಗವದು. ಆದರೂ ಕರ್ತನು ಆ ಮನುಷ್ಯನಿಗೆ ಏನೇನು ಮಾಡಿದನೆಂಬದನ್ನು ಒಂದೊಂದಾಗಿ ನೋಡಿದ್ದಿಲ್ಲ.

ದೆಕಪೊಲಿಯ ಸೀಮೆಯಲ್ಲಿ ಜನರು ಕಿವುಡನೂ ತೊದಲುವವನೂ ಆದ ಒಬ್ಬನನ್ನು ತಂದು, ಅವನ ಮೇಲೆ ಕೈಯಿಡಬೇಕೆಂದು ಬೇಡಿಕೊಂಡರು. ಯೇಸುವಾದರೋ ಮೊದಲು ಅವನನ್ನು ಗುಂಪಿನಿಂದ ಒತ್ತಟ್ಟಿಗೆ ಕರಕೊಂಡು ಹೋದನು. ಇದರ ಕಾರಣವೇನು? ಸಂತೆಯಲ್ಲಿ ನೂರು ಬಾಯಿಗಳು ಆಡುತ್ತಿರುವಾಗ ಕಿವುಡನು ಯಾವ ಮುಖವನ್ನು ನೋಡಬೇಕು? ಒಂದೇ ಮುಖವು ಎದುರಿಗಿದ್ದರೆ ಅವನ ಕಣ್ಣಿಗೆ ನೆಮ್ಮದಿ. ತರುವಾಯ ಕರ್ತನು ತನ್ನ ಬೆರಳುಗಳನ್ನು ಅವನ ಕಿವಿಗಳಲ್ಲಿಟ್ಟನು, ಉಗುಳಿ ನಾಲಿಗೆಯನ್ನು ಮುಟ್ಟಿದನು, ಆಕಾಶದ ಕಡೆಗೆ ಕಣ್ಣೆತ್ತಿದನು, ನಿಟ್ಟುಸಿರು ಬಿಟ್ಟನು. ಇವೆಲ್ಲವೂ ಕಣ್ಣಿಗೆ ಕಾಣುವ ಕಾರ್ಯಗಳು, ಮೈಗೆ ತಾಕುವ ಕಾರ್ಯಗಳು. ನಿಟ್ಟುಸಿರು ಸಹ ಎದೆ ಏರಿ ಇಳಿಯುವದರಿಂದ ಕಾಣುತ್ತದೆ. ನಿನ್ನ ಕಷ್ಟವು ಇಲ್ಲಿದೆ ಎಂದು ನಾನು ಬಲ್ಲೆನು, ಸಹಾಯವು ಮೇಲಿನಿಂದ ಬರುತ್ತದೆ, ನಿನ್ನ ನೋವು ನನಗೂ ಉಂಟು ಎಂಬಷ್ಟು ಸಂಗತಿಯು ಒಂದು ಶಬ್ದವೂ ಇಲ್ಲದೆ ಆ ಮನುಷ್ಯನಿಗೆ ತಿಳಿದಿರಬೇಕು. ಎಪ್ಫಥಾ ಎಂಬ ಮಾತು ಬಂದದ್ದು ಇದಾದ ಮೇಲೆ. ಕಿವಿ ತೆರೆಯುವದಕ್ಕೆ ಮುಂಚೆಯೇ ಕರ್ತನು ಅವನ ರೀತಿಯಲ್ಲಿ ಅವನೊಂದಿಗೆ ಮಾತಾಡಿ ಮುಗಿಸಿದ್ದನು.

ಇದನ್ನು ಒತ್ತಿ ಹೇಳುವದಕ್ಕೆ ಕಾರಣವುಂಟು. ನಮ್ಮ ಗ್ರಾಮಸಭೆಗಳಲ್ಲಿ ಅನೇಕರು ಎಪ್ಫಥಾ ಎಂಬ ಒಂದು ಮಾತನ್ನೇ ಹಿಡಿದುಕೊಂಡು ಕಿವುಡ ಮಕ್ಕಳನ್ನು ಒಂದು ಸ್ವಸ್ಥತೆಯ ಕೂಟದಿಂದ ಮತ್ತೊಂದಕ್ಕೆ ಎಳೆದುಕೊಂಡು ಹೋಗುತ್ತಾರೆ. ಅಲ್ಲಿ ಕಿವಿಯಲ್ಲಿ ಕೂಗುತ್ತಾರೆ, ತಲೆಯನ್ನು ಅಲ್ಲಾಡಿಸುತ್ತಾರೆ. ಗುಣವಾಗದಿದ್ದರೆ ತಂದೆತಾಯಿಗಳಿಗೆ ವಿಶ್ವಾಸ ಸಾಲದು ಎನ್ನುತ್ತಾರೆ. ಆ ಮಗುವಿಗೆ ತಿಳಿಯುವದು ಒಂದೇ: ನಾನು ಇರುವ ಹಾಗೆ ಇವರಿಗೆ ಬೇಡ. ದೇವರು ಮಾಡಬಲ್ಲದ್ದಕ್ಕೆ ನಾವು ಮೇರೆ ಹಾಕುವವರಲ್ಲ. ಆದರೆ ಗುಂಪಿನಿಂದ ಬದಿಗೆ ಕರಕೊಂಡು ಹೋಗುವದೂ ಬೆರಳು ಕಣ್ಣುಗಳಿಂದ ಮಾತಾಡುವದೂ ಪ್ರತಿಯೊಬ್ಬ ಉಪದೇಶಿಯ ಕೈಯಲ್ಲಿರುವ ಕೆಲಸ. ಅದನ್ನು ಬಿಟ್ಟು ಅದ್ಭುತವನ್ನೇ ಕಾಯುತ್ತಿರುವದು ಸೋಮಾರಿತನವೆಂದು ನಮಗೆ ತೋರುತ್ತದೆ.

‘ನಂಬಿಕೆಯು ಕೇಳುವದರಿಂದ ಬರುತ್ತದೆಂದು ಪೌಲನು ಬರೆದಿದ್ದಾನಲ್ಲಾ, ಕೇಳಲಾರದವನು ಹೇಗೆ ನಂಬುವನು?’ ಎಂದು ನಮ್ಮ ಸಭೆಯ ಹಿರಿಯರಲ್ಲೊಬ್ಬರು ಕೇಳಿದರು. ಇದು ಹಳೆಯ ಪ್ರಶ್ನೆ. ಇದಕ್ಕೆ ಉತ್ತರವು ಅದೇ ಅಧ್ಯಾಯದಲ್ಲಿ, ಮರುವಚನದಲ್ಲಿಯೇ ಇದೆ. ಜನರಿಗೆ ಕೇಳಿಬಂದಿತೆಂದು ತೋರಿಸುವದಕ್ಕೆ ಪೌಲನು ಹತ್ತೊಂಭತ್ತನೆಯ ಕೀರ್ತನೆಯನ್ನು ಎತ್ತಿಕೊಳ್ಳುತ್ತಾನೆ. ಆ ಕೀರ್ತನೆಯಲ್ಲಿ ಸಾರುತ್ತಿರುವವರು ಯಾರು? ಆಕಾಶವು, ಹಗಲು, ರಾತ್ರಿ. ಅವುಗಳಿಗೆ ಶಬ್ದವೂ ಇಲ್ಲ, ಸ್ವರವೂ ಇಲ್ಲ. ಆದರೂ ಅವುಗಳ ಸಾಕ್ಷಿ ಭೂಮಿಯ ಕಟ್ಟಕಡೆಗೆ ಮುಟ್ಟಿತು. ಕೇಳುವದೆಂದರೆ ಕಿವಿಯ ತಮಟೆಗೆ ಶಬ್ದ ಬಡಿಯುವದಷ್ಟೇ ಎಂದು ಅಪೊಸ್ತಲನು ಎಣಿಸಿದ್ದರೆ ಈ ಕೀರ್ತನೆಯನ್ನು ಸಾಕ್ಷಿಗೆ ತರುತ್ತಿರಲಿಲ್ಲ.

ಬಾಯಿಂದ ಅರಿಕೆಮಾಡದವನನ್ನು ಸೇರಿಸಬಹುದೋ ಎಂಬದಕ್ಕೆ ಜಕರೀಯನನ್ನು ನೋಡಿರಿ. ಅವನು ನಾಲಿಗೆಯಿದ್ದಾಗ ಸಂಶಯಪಟ್ಟನು, ನಾಲಿಗೆಯಿಲ್ಲದಾಗ ವಿಧೇಯನಾದನು. ಮಗುವಿಗೆ ಏನು ಹೆಸರಿಡಬೇಕೆಂದು ನೆಂಟರು ಅವನಿಗೆ ಸನ್ನೆಮಾಡಿ ಕೇಳಿದರು. ಅವನು ಹಲಗೆಯನ್ನು ತರಿಸಿ ಬರೆದು ಕೊಟ್ಟನು. ಅವನ ಬಾಯಿ ತೆರೆದದ್ದು ಬರೆದ ಮೇಲೆ. ಅಂದರೆ ದೇವರು ಆ ಅರಿಕೆಯನ್ನು ಕೈಯಿಂದಲೇ ಅಂಗೀಕರಿಸಿದನು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ನಮ್ಮ ಹಳ್ಳಿಗಳಲ್ಲಿ ಕಿವುಡರನ್ನೆಲ್ಲಾ ‘ಮೂಗ’, ‘ಮೂಗಿ’ ಎಂದು ಕರೆಯುವದು ವಾಡಿಕೆ. ಹೆಸರೇ ಮರೆತುಹೋಗುವಷ್ಟರ ಮಟ್ಟಿಗೆ ಹಾಗೆ ಕರೆಯುತ್ತಾರೆ. ಅವರ ನಾಲಿಗೆಯಲ್ಲಿಯಾಗಲಿ ಗಂಟಲಲ್ಲಿಯಾಗಲಿ ಸಾಮಾನ್ಯವಾಗಿ ದೋಷವೇನೂ ಇಲ್ಲ. ಕೇಳದ ಮಾತನ್ನು ನಾಲಿಗೆ ಹೇಗೆ ಕಲಿತೀತು? ಯಾಜಕಕಾಂಡದಲ್ಲಿ ಕಿವುಡರನ್ನು ದೂಷಿಸಬಾರದೆಂಬ ಆಜ್ಞೆಯಿದೆ. ಅವನಿಗೆ ಕೇಳಿಸುವದಿಲ್ಲವಲ್ಲಾ ಎಂಬ ಧೈರ್ಯದಿಂದ ಆಡುವ ಮಾತನ್ನು ದೇವರು ಕೇಳುತ್ತಾನೆ.

ಕಿವುಡರ ಮಧ್ಯೆ ಸೇವೆಯು ನಮ್ಮಿಂದ ಹುಟ್ಟಿದ್ದಲ್ಲ. ಅಮೇರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಎಂಬ ಬೋಧಕನು ೧೮೧೪ರಲ್ಲಿ ನೆರೆಮನೆಯ ಆಲಿಸ್ ಕಾಗ್ಸ್‌ವೆಲ್ ಎಂಬ ಕಿವುಡ ಬಾಲಕಿಯನ್ನು ಕಂಡು, ತನ್ನ ಟೋಪಿಯನ್ನು ತೋರಿಸಿ ಅದರ ಹೆಸರನ್ನು ಬರೆದು ಕಲಿಸಿದನು. ಕಲಿಸುವ ವಿಧಾನವನ್ನು ತಿಳಿಯಲು ಸಮುದ್ರ ದಾಟಿ ಹೋಗಿ, ಪಾರಿಸಿನಿಂದ ಲೋರಾನ್ ಕ್ಲೆರ್ಕ್ ಎಂಬ ಉಪಾಧ್ಯಾಯನನ್ನು ಕರಕೊಂಡು ಬಂದನು. ೧೮೧೭ರಲ್ಲಿ ಶಾಲೆ ತೆರೆಯಿತು. ಈ ಕ್ಲೆರ್ಕನು ತಾನೇ ಕಿವುಡನಾಗಿದ್ದನೆಂಬದನ್ನು ಮರೆಯಬಾರದು. ಗ್ಯಾಲಡೆಟನ ಮಗನು ೧೮೫೨ರಲ್ಲಿ ನ್ಯೂಯಾರ್ಕಿನಲ್ಲಿ ಕಿವುಡರಿಗಾಗಿ ಸಭೆಯನ್ನು ಕೂಡಿಸಿದನು. ೧೮೭೬ರಲ್ಲಿ ಹೆನ್ರಿ ವಿಂಟರ್ ಸೈಲ್ ಎಂಬ ಕಿವುಡನೇ ಅಲ್ಲಿಯ ಎಪಿಸ್ಕೋಪಲ್ ಸಭೆಯಲ್ಲಿ ದೀಕ್ಷೆ ಹೊಂದಿ ಬೋಧಕನಾದನು. ನಮ್ಮ ದಕ್ಷಿಣದೇಶದಲ್ಲಿಯೂ ಫ್ಲಾರೆನ್ಸ್ ಸ್ವೇನ್ಸನ್ ಎಂಬ ಮಿಶನರಿ ಸಹೋದರಿಯು ಹತ್ತೊಂಭತ್ತನೆಯ ಶತಮಾನದ ಕಡೆಯಲ್ಲಿ ಪಾಳೆಯಂಕೋಟೆಯಲ್ಲಿ ಕಿವುಡ ಮಕ್ಕಳ ಶಾಲೆಯನ್ನು ನೆಟ್ಟಳು. ಮೈಸೂರಿನಲ್ಲಿ ೧೯೦೧ರಲ್ಲಿ ಕಿವುಡರಿಗೂ ಕುರುಡರಿಗೂ ಶಾಲೆ ಉಂಟಾಯಿತು.

ನಡುವೆ ಒಂದು ದೊಡ್ಡ ಅಡ್ಡಿ ಬಂದಿತು. ೧೮೮೦ರಲ್ಲಿ ಮಿಲಾನ್ ಪಟ್ಟಣದಲ್ಲಿ ಕೂಡಿದ ಉಪಾಧ್ಯಾಯರ ಮಹಾಸಭೆಯು, ಕಿವುಡರಿಗೆ ಬಾಯಿಮಾತನ್ನೇ ಕಲಿಸಬೇಕು, ಸನ್ನೆಗಳನ್ನು ಬಿಡಿಸಬೇಕು ಎಂದು ತೀರ್ಮಾನಿಸಿತು. ಕೂಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಅದರಿಂದ ಅನೇಕ ದೇಶಗಳ ಶಾಲೆಗಳಲ್ಲಿ ಮಕ್ಕಳು ಕೈಯೆತ್ತಿದರೆ ಶಿಕ್ಷೆಯಾಗುತ್ತಿತ್ತು. ೨೦೧೦ರಲ್ಲಿ ಕೆನಡದ ವ್ಯಾಂಕೂವರಿನಲ್ಲಿ ಕೂಡಿದ ಅದೇ ಮಹಾಸಭೆಯು ಆ ಹಳೆಯ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದಪಟ್ಟಿತು. ಸನ್ನೆಭಾಷೆಯು ಮಂಗಾಟವಲ್ಲ, ಅದಕ್ಕೂ ವ್ಯಾಕರಣವುಂಟೆಂಬದು ಈಗ ಭಾಷಾಪಂಡಿತರು ಒಪ್ಪಿದ ಸಂಗತಿ. ಭಾರತೀಯ ಸನ್ನೆಭಾಷೆಗೋಸ್ಕರ ಸರಕಾರವು ೨೦೧೫ರಲ್ಲಿ ದೆಹಲಿಯಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದೆ. ೨೦೨೧ರೊಳಗೆ ಅದರ ನಿಘಂಟಿನಲ್ಲಿ ಹತ್ತು ಸಾವಿರ ಪದಗಳಾದವು. ೨೦೧೧ರ ಜನಗಣತಿಯಲ್ಲಿ ಕಿವಿ ಕೇಳದವರೆಂದು ಬರೆಯಲ್ಪಟ್ಟವರು ನಮ್ಮ ದೇಶದಲ್ಲಿ ೫೦ ಲಕ್ಷಕ್ಕೂ ಹೆಚ್ಚು. ಇವರು ನಮ್ಮ ಸಭೆಗಳಲ್ಲಿ ಎಲ್ಲಿ ಕೂತಿದ್ದಾರೆ?

ಆಂಡ್ರೂ ಫಾಸ್ಟರನ ವಿಷಯವನ್ನು ಬಿಟ್ಟರೆ ಈ ಪಾಠವು ಅಪೂರ್ಣವಾದೀತು. ಅಮೇರಿಕದ ಅಲಬಾಮ ಸೀಮೆಯ ಈ ಕಪ್ಪುಜನಾಂಗದವನು ಹನ್ನೊಂದನೆಯ ವಯಸ್ಸಿನಲ್ಲಿ ಮಿದುಳುಪೊರೆಯ ಜ್ವರದಿಂದ ಕಿವುಡನಾದನು. ಬಣ್ಣದ ನಿಮಿತ್ತವೂ ಕಿವಿಯ ನಿಮಿತ್ತವೂ ಎರಡು ಬಾಗಿಲುಗಳು ಅವನಿಗೆ ಮುಚ್ಚಿದ್ದವು. ಆದರೂ ಗ್ಯಾಲಡೆಟ್ ಕಾಲೇಜಿನಲ್ಲಿ ೧೯೫೪ರಲ್ಲಿ ಪದವಿ ಪಡೆದು, ೧೯೫೭ರಲ್ಲಿ ಆಫ್ರಿಕದ ಘಾನಕ್ಕೆ ಮಿಶನರಿಯಾಗಿ ಹೋದನು. ಬೇರೆ ಮಕ್ಕಳು ಮನೆಗೆ ಹೋದ ಮೇಲೆ ಅವರ ಶಾಲೆಯ ಕೋಣೆಗಳನ್ನು ಕೇಳಿಕೊಂಡು ಕಿವುಡ ಮಕ್ಕಳನ್ನು ಕೂಡಿಸಿದನು. ೧೯೮೭ರಲ್ಲಿ ರುವಾಂಡದಲ್ಲಿ ವಿಮಾನ ಬಿದ್ದು ತೀರಿಹೋಗುವಷ್ಟರಲ್ಲಿ ಆ ಖಂಡದ ಹಲವು ದೇಶಗಳಲ್ಲಿ ಅವನಿಂದ ಮೂವತ್ತಕ್ಕೂ ಹೆಚ್ಚು ಶಾಲೆಗಳಾಗಿದ್ದವು. ಕಿವುಡರಿಗೆ ಸುವಾರ್ತೆಯನ್ನು ತಲಪಿಸತಕ್ಕವರು ಮುಖ್ಯವಾಗಿ ಕಿವುಡರೇ ಎಂಬದನ್ನು ಇವನ ಜೀವನದಿಂದ ಕಲಿತೆವು. ನಮ್ಮಂಥವರು ಬಾಗಿಲು ತೆರೆದು ಬದಿಗೆ ನಿಲ್ಲಬೇಕು.

ನಾವು ಮಾಡಿದ್ದೂ ಅಷ್ಟೇ. ತಾಲೂಕಿನ ಪೇಟೆಯಲ್ಲಿ ಕಿವುಡರ ಶಾಲೆಯಲ್ಲಿ ಓದಿದ ಒಬ್ಬ ದರ್ಜಿ ಸಹೋದರನಿದ್ದನು. ಅವನನ್ನು ಬೇಡಿಕೊಳ್ಳಲು, ಪ್ರತಿ ಆದಿತ್ಯವಾರ ಬಸ್ಸಿನಲ್ಲಿ ಬಂದನು. ಅವನು ಮೊದಲು ಕಲಿಸಿದ್ದು ಹುಡುಗಿಗಲ್ಲ, ನಮಗೆ: ಆಕೆಯ ಮನೆಯಲ್ಲಿ ಆಗಲೇ ಇರುವ ಸನ್ನೆಗಳನ್ನು ಕಲಿಯಿರಿ ಎಂದನು. ಶಾಲೆ ಕಾಣದ ಹಳ್ಳಿಯ ಕಿವುಡರಿಗೆ ಪಟ್ಟಣದ ಸನ್ನೆಭಾಷೆ ಗೊತ್ತಿರುವದಿಲ್ಲ. ಮನೆಯವರೊಂದಿಗೆ ತಾವೇ ಕಟ್ಟಿಕೊಂಡ ಸನ್ನೆಗಳು ಇರುತ್ತವೆ. ತಾಯಿ ಎಂಬದಕ್ಕೆ ಮೂಗುತಿಯ ಜಾಗವನ್ನು ಮುಟ್ಟುವಳು. ಮಜ್ಜಿಗೆಗೆ ಕಡೆಗೋಲಿನ ಹಗ್ಗ ಎಳೆಯುವಳು. ಕನ್ನಡಕವನ್ನು ಮೂಗಿನ ಮೇಲೆ ಏರಿಸುವ ಸನ್ನೆ ಏನೆಂದು ಕೇಳಿದಾಗ ತಾಯಿಯು ನಕ್ಕಳು. ಅದು ನಾವೇ! ನಾವು ಅವಳ ಹೆಸರನ್ನು ಸರಿಯಾಗಿ ಕರೆಯದ ವರುಷಗಳಲ್ಲಿ ಅವಳು ನಮಗೆ ಹೆಸರಿಟ್ಟುಕೊಂಡಿದ್ದಳು.

ದರ್ಜಿಯು ತಪ್ಪಿಹೋದ ಮಗನ ಸಾಮ್ಯವನ್ನು ಕೈಯಿಂದಲೂ ಮುಖದಿಂದಲೂ ಹೇಳಿದ ದಿನವನ್ನು ನಾವು ಮರೆಯುವದಿಲ್ಲ. ಹಂದಿಗಳು ಬಂದವು, ಹಸಿವು ಬಂತು, ದೂರದಿಂದಲೇ ಕಂಡು ಓಡುವ ತಂದೆ ಬಂದನು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ ಬಾಗಿಲ ಕಡೆಗೆ ಕೈತೋರಿಸಿ ಏನನ್ನೋ ಕೇಳಿದಳು. ದರ್ಜಿಯು ಚೀಟಿಯಲ್ಲಿ ಬರೆದು ಕೊಟ್ಟನು: ‘ಹೊರಗೆ ನಿಂತ ಅಣ್ಣ ಒಳಗೆ ಬಂದನೋ ಎಂದು ಕೇಳುತ್ತಾಳೆ.’ ಹದಿನೈದು ವರುಷಗಳಲ್ಲಿ, ಬಾಯಿಪಾಠ ಒಪ್ಪಿಸಿದ ಯಾವ ಮಗುವೂ ನಮ್ಮನ್ನು ಇದನ್ನು ಕೇಳಿದ್ದಿಲ್ಲ.

ಈ ಸೇವೆಗೆ ಕೈಹಾಕುವವರು ಕೆಲವು ಸಂಗತಿಗಳನ್ನು ಗಮನಿಸಿರಿ. ಕಿವುಡರನ್ನು ಮುಂದೆ ಕೂಡಿಸಿರಿ. ಸನ್ನೆಯಿಂದ ತಿಳಿಸುವವನ ಹಿಂದೆ ಕಿಟಕಿ ಇರಬಾರದು, ಯಾಕಂದರೆ ಬೆಳಕು ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಕೀರ್ತನೆಯ ಪುಸ್ತಕದಿಂದ ಬಾಯಿ ಮುಚ್ಚಿಕೊಳ್ಳಬೇಡಿರಿ. ಕೂಗುವದರಿಂದ ಪ್ರಯೋಜನವಿಲ್ಲ, ಕರೆಯಬೇಕಾದರೆ ಮೆಲ್ಲನೆ ಭುಜ ಮುಟ್ಟಿರಿ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಬೇಕೆಂದು ಅವರನ್ನು ಗದರಿಸಬೇಡಿರಿ. ನಮಗೆ ಕಣ್ಣು ಮುಚ್ಚಿದರೆ ಪ್ರಾರ್ಥನೆ ಆರಂಭವಾಗುತ್ತದೆ, ಅವರಿಗೆ ಮುಗಿದುಹೋಗುತ್ತದೆ. ಕೂಸು ಶಬ್ದಕ್ಕೆ ತಿರುಗದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಸ್ಥಳದಲ್ಲಿ ತಡಮಾಡದೆ ತೋರಿಸಿರಿ. ಆ ಕಾರಣದಿಂದ ಮಗುವಿನೊಂದಿಗೆ ಸನ್ನೆಯಿಂದ ಮಾತಾಡುವದನ್ನು ಮಾತ್ರ ನಿಲ್ಲಿಸಬೇಡಿರಿ.

ಒಂದು ವರುಷದ ಮೇಲೆ ಸಭಾಪಾಲಕರು ಅವಳನ್ನು ಪರೀಕ್ಷಿಸಿದರು. ಯೇಸು ಯಾರೆಂದು ದರ್ಜಿಯ ಮೂಲಕ ಕೇಳಲು, ಅವಳು ಒಂದು ಕೈಯ ನಡುಬೆರಳಿಂದ ಮತ್ತೊಂದು ಅಂಗೈಯನ್ನು ಮುಟ್ಟಿ, ಕೈ ಬದಲಿಸಿ ಹಾಗೆಯೇ ಮುಟ್ಟಿದಳು. ಅನೇಕ ದೇಶಗಳ ಕಿವುಡರಲ್ಲಿ ಕರ್ತನ ಹೆಸರು ಇದೇ, ಮೊಳೆಗಳ ಗುರುತು. ಯಾರಿಗೋಸ್ಕರ ಎಂದು ಕೇಳಿದರು. ತನ್ನನ್ನು ತೋರಿಸಿದಳು, ಮೂಗುತಿಯನ್ನು ಮುಟ್ಟಿದಳು. ಆಮೇಲೆ ನಮ್ಮ ಕಡೆಗೆ ತಿರುಗಿ ಕನ್ನಡಕವನ್ನು ಏರಿಸಿದಳು. ಪ್ರಶ್ನೆ ಕೇಳಿದ್ದ ಹಿರಿಯರೇ ಮೊದಲು ಎದ್ದು ಅವಳಿಗೆ ಪಂಕ್ತಿಯಲ್ಲಿ ಸ್ಥಳಬಿಟ್ಟರು.

ಈಗ ಪಕ್ಕದ ಹಳ್ಳಿಯಲ್ಲಿ ಏಳು ವರುಷದ ಒಬ್ಬ ಕಿವುಡ ಹುಡುಗನಿದ್ದಾನೆ. ಸಂತೆಯ ದಿನ ಅವನ ಮನೆಗೆ ಪಾಠ ಹೇಳಲು ಅವಳೇ ಹೋಗುತ್ತಾಳೆ. ನಾವು ಅವಳ ಚೀಲವನ್ನು ಹಿಡಿದುಕೊಂಡು ಜಗಲಿಯ ಮೇಲೆ ಕೂತಿರುತ್ತೇವೆ.